ಬಂದರೆ ಸೋಮವಾರ

ಎಪ್ಪತ್ತರ ದಶಕದ ನಡುವೆ ನಾನು ಮದ್ದೂರಿನ ಒಂದು ಕಾಲೇಜಿಗೆ ಗಣಿತದ ಮೇಷ್ಟ್ರಾಗಿ ಸೇರಿದೆ. ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೌವ್, ಅಷ್ಟೇ. ಅಪ್ಪ ಅಮ್ಮ ಇರಲಿಲ್ಲ. ನಮ್ಮೂರು ದುದ್ದದಲ್ಲಿ ನನ್ನನ್ನು ಸಾಕಿದ ಅಕ್ಕ ಮದುವೆಯಾಗಿ ಮಳವಳ್ಳಿ ಕಡೆಯ ಪೂರಿಗಾಲಿಯಲ್ಲಿದ್ದಳು. ಕೆಲಸ ಸಿಕ್ಕ ಸುದ್ದಿ ಹೇಳಲು ಹೋದವನು, ನನ್ನ ಕೋಣೆ ನೋಡಲು ಬಾ ಎಂದು ಕರೆದೆ.

"ಬಂದ್ರೆ ಸ್ವಾಮಾರ ಬತ್ತೀನಿ ಕಣಪ್ಪ," ಅಂದಳು.

ಸೋಮವಾರ ಅವರ ಊರಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲಕ್ಕೆ ಬುತ್ತಿ ಹೊರುವ ಕೆಲಸ ಅವಳಿಗೂ ತಪ್ಪುತ್ತಿತ್ತು.

ಅಲ್ಲಿಂದ ಮುಂದೆ ಸೋಮವಾರ ಬಂತೆಂದರೆ ಪಾಠ ಮುಗಿಸಿ ನೇರ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ಮಳವಳ್ಳಿ ಬಸ್ಸು ಬರುತ್ತಿತ್ತು. ಸೀರೆ ಉಟ್ಟವರೆಲ್ಲ ಇಳಿದು ಹೋಗುವವರೆಗೂ ಬಾಗಿಲನ್ನೇ ನೋಡುತ್ತ ನಿಂತಿದ್ದು, ಒಬ್ಬನೇ ಕೋಣೆಗೆ ಬಂದು ಅನ್ನಕ್ಕೆ ಇಡುತ್ತಿದ್ದೆ. ಬೇರೆ ದಿನಗಳಲ್ಲಿ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಆ ವರ್ಷ ತರ್ಕದ ಹೊಸ ಅಧ್ಯಾಯ ಬಂದಿತ್ತು. 'ಮಳೆ ಬಂದರೆ ಗದ್ದೆ ನೆನೆಯುತ್ತದೆ' ಎಂದು ಬೋರ್ಡಿನ ಮೇಲೆ ಬರೆದೆ. 'ಗದ್ದೆ ನೆನೆಯದಿದ್ದರೆ ಮಳೆ ಬಂದಿಲ್ಲ' ಎಂದರೂ ಅದೇ ಮಾತು. ಒಂದು ನಿಜವಾದರೆ ಇನ್ನೊಂದೂ ನಿಜ, ಎರಡೂ ಸಮ ಎಂದು ತೋರಿಸಿದೆ. "ಹಾಗಾದರೆ ಗದ್ದೆ ನೆನೆದಿದ್ದರೆ ಮಳೆ ಬಂದಿದೆ ಅನ್ನಬಹುದೇ?" ಎಂದು ಕೇಳಿದೆ.

"ಅದೆಂಗಾದದು ಸಾ? ನಾಲೆ ನೀರು ಬುಟ್ಟಿರ್ಬೋದಲ್ಲ!" ಎಂದಿತು ಹಿಂದಿನ ಬೆಂಚು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಅಂದು ಸೋಮವಾರ. ನಿಲ್ದಾಣದ ಕಂಬಕ್ಕೆ ಒರಗಿ ನಿಂತಾಗ ನಗು ಬತ್ತಿಹೋಯಿತು. ಬಂದರೆ ಸೋಮವಾರ ಬರುತ್ತೇನೆ ಅಂದಿದ್ದಳು ಅಕ್ಕ. ಸೋಮವಾರವಲ್ಲದಿದ್ದರೆ ಬರುವುದಿಲ್ಲ ಎಂಬುದು ಅದಕ್ಕೆ ಸಮ. ಅಷ್ಟನ್ನು ಸರಿಯಾಗಿಯೇ ತಿಳಿದುಕೊಂಡಿದ್ದೆ. ಸೋಮವಾರವಾದರೆ ಬರುತ್ತಾಳೆ ಎಂಬುದು ಮಾತ್ರ ನಾನೇ ತಿರುಗಿಸಿಕೊಂಡ ಮಾತು. ಹಾಗೆಂದು ಗೊತ್ತಾದ ಮೇಲೂ, ಬಸ್ಸು ಬಂದು ಖಾಲಿಯಾಗುವವರೆಗೆ ನಿಂತೇ ಇದ್ದೆ.

ದಸರಾ ರಜೆಗೆ ಪೂರಿಗಾಲಿಗೆ ಹೋದೆ. ಊಟಕ್ಕೆ ಕೂತಾಗ, "ಸ್ವಾಮಾರ ಸ್ವಾಮಾರ ಬಸ್ಟ್ಯಾಂಡ್ನಾಗೆ ಕಾಯ್ತಿದ್ದೆ ಕಣಕ್ಕ," ಅಂದೆ.

ಮುದ್ದೆ ಕಟ್ಟುತ್ತಿದ್ದ ಅಕ್ಕನ ಕೈ ನಿಂತಿತು. "ಅಯ್ಯೋ, ಸ್ವಾಮಾರ ಆದ್ರೆ ಬಂದೇ ಬತ್ತೀನಿ ಅಂದ್ನೇನ್ಲಾ ನಾನು? ಬ್ಯಾರೆ ದಿನ ಆಗಾಕಿಲ್ಲ ಅಂದೆ, ಅಷ್ಟೇಯ." ಆಮೇಲೆ ಒಳಗಿನ ಕಡೆ ನೋಡಿ ದನಿ ತಗ್ಗಿಸಿದಳು. "ನಮ್ಮತ್ತೆ ಕಳುಸ್ಬೇಕಲ್ಲಪ್ಪ. ನೀನೇ ಬತ್ತಾ ಇರು."

ಕೇಳದೆಯೇ ಇನ್ನೊಂದು ಮುದ್ದೆ ನನ್ನ ತಟ್ಟೆಗೆ ಇಟ್ಟಳು.

ರಜೆ ಮುಗಿದ ಮೇಲೆ ನಿಲ್ದಾಣಕ್ಕೆ ಹೋಗುವುದನ್ನು ಬಿಟ್ಟೆ. ಸಂಜೆಗಳು ಮೊದಲಿಗಿಂತ ಉದ್ದವಾದವು. ಕಾಯುವುದಾದರೂ ಒಂದು ಕೆಲಸವಾಗಿತ್ತು. ಈಗ ಅಧ್ಯಾಪಕರ ಕೋಣೆಯಲ್ಲಿ ಹಳೆಯ ಪೇಪರು ತಿರುವುತ್ತ ಕೂತಿರುತ್ತಿದ್ದೆ. ಜವಾನ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತು ಕೆಮ್ಮಿದಾಗ ಎದ್ದು ಹೊರಡುತ್ತಿದ್ದೆ.