ಎದುರು ಮನೆಯ ಗೋಡೆಗೆ ನಮ್ಮ ಲೈಟಿನ ಸರ

ನಮ್ಮ ಅಟ್ಟದ ಮೇಲೆ ಬಿಸ್ಕತ್ತಿನ ಹಳೆಯ ಡಬ್ಬಿಯೊಂದಿದೆ; ಅದರೊಳಗೆ ಬಣ್ಣದ ಲೈಟಿನ ಸರ. ಎಷ್ಟೇ ನಾಜೂಕಾಗಿ ಸುತ್ತಿಟ್ಟರೂ ಮುಂದಿನ ಹಬ್ಬಕ್ಕೆ ತೆರೆದರೆ ಗಂಟೋ ಗಂಟು. ಮುಚ್ಚಿದ ಡಬ್ಬಿಯ ಕತ್ತಲೆಯಲ್ಲಿ ಅದೇನು ಸಂಸಾರ ನಡೆಸುತ್ತದೆಯೋ, ನಿಮಗೆ ಗೊತ್ತಿದ್ದರೆ ತಿಳಿಸಿ.

ಸುರಪುರದ ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ, ನಮ್ಮ ಒಗ್ಗರಣೆಗೆ ಎದುರು ಮನೆಯ ಖೈರುನ್‌ಬಿ ಚಾಚಿ ಸೀನುತ್ತಾಳೆ. ಹೀಗಾಗಿ ಎರಡೂ ಮನೆಗೆ ಒಂದು ಪದ್ಧತಿಯಿತ್ತು. ದೀಪಾವಳಿಗೆ ನಮ್ಮ ಸರ ನಮ್ಮ ಪ್ಲಗ್ಗಿನಿಂದ ಹೊರಟು, ಓಣಿ ದಾಟಿ, ಚಾಚಿಯ ಗೋಡೆಯ ತುಂಬ ಹಬ್ಬುತ್ತಿತ್ತು. ರಂಜಾನಿಗೆ ಅವಳ ಸರ ನಮ್ಮ ಗೋಡೆಗೆ ಬರುತ್ತಿತ್ತು. ಮೊಣಕಾಲು ಹಿಡಿದು ಹೊಸ್ತಿಲು ದಾಟಲಾಗದ ನನ್ನ ಅವ್ವ ಕಿಟಕಿ ಪಕ್ಕದ ಮಂಚದಲ್ಲಿ ಕೂತು ಹಬ್ಬ ನೋಡುತ್ತಿದ್ದುದು ಹೀಗೆ.

ಒಂದು ದೀಪಾವಳಿಯ ಸಂಜೆ, ದೇವಾಪುರದ ಕಡೆಯಿಂದ ಹತ್ತಿ ತುಂಬಿಕೊಂಡು ಅಡ್ಡದಾರಿ ಹಿಡಿದ ಟ್ರ್ಯಾಕ್ಟರೊಂದು ಆ ಸರವನ್ನು ಕಿತ್ತುಕೊಂಡು, ಮದುಮಗನ ಹಾಗೆ ಸಿಂಗಾರಗೊಂಡು ಹೊರಟೇಬಿಟ್ಟಿತು. ಅದನ್ನು ಬಿಡಿಸಿ ತರಲು ನಾನು ಬಸ್ ನಿಲ್ದಾಣದವರೆಗೆ ಓಡಿದೆ.

ಮರುವರ್ಷ ನಗರಸಭೆಯ ಆಟೋ ಓಣಿ ಓಣಿ ತಿರುಗಿ ಸಾರಿತು: ರಸ್ತೆಗೆ ಅಡ್ಡಲಾಗಿ ವೈರು ಕಟ್ಟುವಂತಿಲ್ಲ, ಹತ್ತು ಗಂಟೆಗೆ ಲೈಟು ಆರಿಸಬೇಕು. ನ್ಯಾಯವಾದ ಮಾತೇ, ಟ್ರ್ಯಾಕ್ಟರಿನ ಹಿಂದೆ ಓಡಿದವನಿಗೆ ಅದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ. ಸಭ್ಯ ನಾಗರಿಕನಾಗಿ ಸರವನ್ನು ನಮ್ಮ ಗೋಡೆಗೇ ಕಟ್ಟಿ, ಸ್ವಿಚ್ಚು ಒತ್ತಿ, ಒಳಗೆ ಬಂದೆ. ಅವ್ವ ಕತ್ತಲಾಗಿದ್ದ ಎದುರು ಗೋಡೆಯನ್ನೇ ನೋಡುತ್ತಿದ್ದಳು.

“ಲೈಟ್ ಎಲ್ಲಿ ಅವಪಾ?”

“ನಮ್ಮ ಗ್ವಾಡಿಗಿ ಹಚ್ಚೇನಲ್ಲವ್ವಾ.”

“ನಮ್ಮ ಗ್ವಾಡಿ ನನಗ ಹ್ಯಾಂಗ ಕಾಣಬೇಕು?”

ಅವಳ ಪಾಲಿನ ಹಬ್ಬವೆಂದರೆ ಆ ಕಿಟಕಿಯಷ್ಟೇ. ಯೋಚಿಸಿದರೆ ಎಂಥ ಸೋಜಿಗ ನೋಡಿ: ನಮ್ಮ ಮನೆಯನ್ನು ನಾವೆಷ್ಟು ಸಿಂಗರಿಸಿದರೂ ಅದರ ಸೊಬಗು ಸೇರುವುದು ಎದುರಿನವರ ಕಣ್ಣಿಗೆ, ನಮ್ಮ ಪಾಲಿಗೆ ಬರುವುದು ಅವರ ಗೋಡೆ, ಅವರ ಬೆಳಕು. ಇಷ್ಟು ವರ್ಷ ಓಣಿ ದಾಟುತ್ತಿದ್ದುದು ಬರೀ ವೈರೆಂದು ತಿಳಿದಿದ್ದೆ ನಾನು.

ತನ್ನ ಕಿಟಕಿಯಿಂದಲೇ ಎಲ್ಲ ಕೇಳಿಸಿಕೊಂಡ ಚಾಚಿ ನಮ್ಮ ಬಾಗಿಲಿಗೆ ಬಂದಳು. “ವೈರ್ ದಾಟಬಾರ್ದು ಅಂದಾರ ತಮ್ಮಾ, ಖೈರುನ್ ದಾಟಬಾರ್ದು ಅಂದಿಲ್ಲ. ತಾ ಇಲ್ಲಿ!” ಎಂದು ಸರ ಬಿಚ್ಚಿಸಿ, ಹೆಗಲಿಗೇರಿಸಿಕೊಂಡು ಓಣಿ ದಾಟಿದಳು. ನಾನು ಏಣಿ ಹೊತ್ತು ಹಿಂದೆ ನಡೆದೆ. ಅವಳ ಗೋಡೆಗೆ ಕಟ್ಟಿ, ಅವಳ ಮನೆಯ ಪ್ಲಗ್ಗಿಗೇ ಚುಚ್ಚಿದ್ದೇ ತಡ, ಕಿಟಕಿಯಲ್ಲಿದ್ದ ಅವ್ವನ ಮುಖ ಕೆಂಪಾಯಿತು, ಹಸಿರಾಯಿತು, ನೀಲಿಯಾಯಿತು. ಹತ್ತಕ್ಕೆ ಸರಿಯಾಗಿ ಚಾಚಿ ಆರಿಸಿದಾಗ, “ನಾಳಿ ಜಲ್ದಿ ಹಚ್ಚವಾ!” ಎಂದು ಅವ್ವ ಕಿಟಕಿಯಿಂದ ಕೂಗಿ ಹೇಳಿದಳು.

ಹಬ್ಬ ಮುಗಿದ ಮೇಲೆ ಚಾಚಿ ನಮ್ಮ ಸರವನ್ನು ಹಿಂದಿರುಗಿಸಲಿಲ್ಲ. ಬದಲಿಗೆ ತನ್ನ ಸರ ತಂದುಕೊಟ್ಟಳು: “ನಿಮ್ದು ನನ್ನ ಮನ್ಯಾಗಿರ್ಲಿ, ನಂದು ನಿಮ್ಮ ಮನ್ಯಾಗಿರ್ಲಿ.” ಹಾಗಾಗಿ ಅಟ್ಟದ ಆ ಡಬ್ಬಿಯಲ್ಲಿ ಈಗ ಇರುವುದು ಅವಳದು. ರಂಜಾನ್ ಹತ್ತಿರ ಬಂತೆಂದು ಮೊನ್ನೆ ತೆರೆದೆ. ಅದೂ ಗಂಟೋ ಗಂಟು. ಅವ್ವ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಗಂಟು ಬಿಡಿಸುತ್ತ ಕೂತಿದ್ದಾಳೆ. ಚಾಚಿಗೆ ನಮ್ಮ ಗೋಡೆ ಚೆಂದ ಕಾಣಬೇಕಂತೆ.