ಇನ್ನೂ ಇಳಿಯುತ್ತಿರುವ ರಸ್ತೆ

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಜೇಡಿಮಣ್ಣು ಒತ್ತಿ ಒತ್ತಿ ಹಾಗಾಯಿತು ಎನ್ನುತ್ತಿದ್ದರು, ನಾನು ನಂಬಿರಲಿಲ್ಲ. ಆದರೆ ಒತ್ತುವ ಚಾಳಿ ನಿಜ. ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಆಫೀಸಿನ ಕೆಳಗಿದ್ದ ಹೋಟೆಲಿನಲ್ಲಿ ಇಡ್ಲಿ ಬಂದರೂ ಮೊದಲು ಒತ್ತಿ, ಅದು ಮೇಲೇಳುವುದನ್ನು ನೋಡಿಯೇ ಬಾಯಿಗಿಡುವವರು. ಉಡುಪಿ ಕಡೆಯವರು. ಎಂಜಿನಿಯರ್; ನೆಲ ಎಷ್ಟು ಭಾರ ತಾಳುತ್ತದೆ ಎಂಬ ಮಣ್ಣಿನ ಲೆಕ್ಕದಲ್ಲಿ ನನಗೆ ಗುರು. ಸರ್ ಎಂದಷ್ಟೇ ಕರೆದವಳು ನಾನು.

ಮರಳುಗಾಡಿನಲ್ಲಿ ಕೂತು ನಾವು ಲೆಕ್ಕ ಹಾಕುತ್ತಿದ್ದದ್ದು ಚಳಿದೇಶವೊಂದರ ರಸ್ತೆಗೆ. ಸೇತುವೆಗೆ ಹತ್ತುವ ಎತ್ತರದ ಮಣ್ಣಿನ ಏರಿ. ಅದರ ಭಾರಕ್ಕೆ ಅಡಿಯ ನೆಲ ಎಷ್ಟು ಇಳಿಯುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಮೊದಲೇ ಹೇಳಬೇಕು. ಆ ನೆಲವೋ, ಎಂದೋ ಹಿಮನದಿ ಎಳೆದು ತಂದು ಬಿಟ್ಟುಹೋದದ್ದು. ಒಂದು ಕಡೆ ಕಲ್ಲು, ಪಕ್ಕದಲ್ಲೇ ಬೆಣ್ಣೆಯಂಥ ಜೇಡಿ. ನಮಗೆ ಬರುತ್ತಿದ್ದದ್ದು ಫೋಟೋ ಮತ್ತು ಅಂಕಿ ಮಾತ್ರ.

"ಮಗುವಿನ ಮುಖವೇ ನೋಡ್ಲಿಲ್ಲ, ಜಾತಕ ಬರೀತಾ ಇದ್ದೇವೆ ಮಾರಾಯ್ತಿ," ಎನ್ನುತ್ತಿದ್ದರು. ಒಮ್ಮೆ ಹೋಗಿ ಆ ಮಣ್ಣು ಮುಟ್ಟಿ ಬರುತ್ತೇನೆಂದು ಕೇಳಿಕೊಂಡರು. ಕಂಪನಿ ಕಳಿಸಲಿಲ್ಲ.

ಏರಿ ಕಟ್ಟಿದ ಮೇಲೆ ಪ್ರತಿ ವಾರ ಅಳತೆ ಬರತೊಡಗಿತು. ನೆಲ ಸರ್ ಹೇಳಿದ್ದಕ್ಕಿಂತ ಹೆಚ್ಚು ಇಳಿದಿತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತರು.

"ನನ್ನ ಲೆಕ್ಕ ತಪ್ಪಿತು. ಇನ್ನೊಂದು ಚಳಿಗಾಲ ಕಾಯಿರಿ. ಅದು ಕೂತ್ಕೊಳ್ಳಲಿ, ಆಮೇಲೆ ಡಾಮರು ಹಾಕುವ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. "ಖಲಾಸ್ ಸರ್, ಕಾಯೋಕೆ ಟೈಮ್ ಇಲ್ಲ," ಎಂದು ಮ್ಯಾನೇಜರ್ ಲ್ಯಾಪ್‌ಟಾಪ್ ಮುಚ್ಚಿದ. ನಾನೂ ಬಾಯಿ ಹಾಕಿದೆ; ದೊಡ್ಡವರ ಮಾತೇ ನಡೆಯದ ಕಡೆ ನನ್ನದು ಯಾರಿಗೆ ಬೇಕು? ರಸ್ತೆ ತೆರೆಯಿತು. ಸೇತುವೆಯ ಬಾಯಲ್ಲೇ ನೆಲ ತಗ್ಗಿ ಮೆಟ್ಟಿಲಿನಂತಾಯಿತು. ಡಾಮರು ತುಂಬಿದರು, ಮತ್ತೆ ತಗ್ಗಿತು.

ಅಷ್ಟರಲ್ಲಿ ಸರ್‌ಗೆ ಕಾಯಿಲೆ ಬಂತು. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರು. ಆಸ್ಪತ್ರೆಯಿಂದಲೂ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ: "ಎಂತ, ನಿಂತಿತಾ?"

ಕೊನೆಯ ಸಲ ಸ್ವರ ತೀರಾ ಕುಗ್ಗಿತ್ತು. ನಿಂತಿದೆ ಎಂದುಬಿಡಲು ಜೀವ ಹಾತೊರೆಯಿತು. ಆದರೆ ಬಂದ ಅಳತೆಯನ್ನು ಬಂದ ಹಾಗೆ ಹೇಳುವುದನ್ನೇ ಅಲ್ಲವೇ ಅವರು ನನಗೆ ಕಲಿಸಿದ್ದು?

"ಇಲ್ಲ ಸರ್. ಇನ್ನೂ ಇಳೀತಾ ಉಂಟು."



"ನೀನಾದ್ರೂ ಸತ್ಯ ಹೇಳಿದೆ. ಇಲ್ಲಿ ಡಾಕ್ಟ್ರು, ಮಕ್ಕಳು, ಎಲ್ಲರೂ ಗುಣ ಆಗ್ತದೆ ಅಂತ್ಲೇ ಹೇಳೋದು."

ಮುಂದಿನ ಅಳತೆ ಬರುವ ಮೊದಲೇ ಅವರು ತೀರಿಕೊಂಡರು. ಅಳತೆ ಈಗಲೂ ಬರುತ್ತದೆ. ನೋಡುವುದು ಬಿಟ್ಟರೆ ನನ್ನಿಂದ ಆಗುವುದು ಏನೂ ಇಲ್ಲ.