ವಕೀಲವ್ವ ಬಾಯಿ ಬಿಡಲಿಲ್ಲ

ಮುಂಬೈಯ ವಡಾಲದ ಚಾಳಿನಲ್ಲಿ ಅಂಬವ್ವ ಜಗಳಕ್ಕೆ ನಿಂತಳೆಂದರೆ ನಲ್ಲಿಯ ಸಾಲೇ ಹಿಂದೆ ಸರಿಯುತ್ತಿತ್ತು. ಅಂಥ ಹೆಂಗಸು ಅಂದು ಕೋರ್ಟಿನ ಬೆಂಚಿನ ಮೇಲೆ ಸೆರಗು ಹಿಡಿದುಕೊಂಡು ಮುದುಡಿ ಕೂತಿದ್ದಳು. ತನ್ನ ವಕೀಲೆ ನೇತ್ರಾ ಇನ್ನೇನು ತನ್ನ ಗುಟ್ಟು ಹೇಳಿಬಿಡುತ್ತಾಳೆ, ತಾನಿರುವ ಬಾಡಿಗೆ ಖೋಲಿ ಕೈಬಿಟ್ಟು ಹೋಗುತ್ತದೆ ಎಂಬ ಭಯ.

ಖೋಲಿ ಇದ್ದದ್ದು ಅಕ್ಕ ಹನುಮವ್ವನ ಹೆಸರಿನಲ್ಲಿ. ಅಕ್ಕ ತೀರಿಕೊಂಡದ್ದೇ ತಡ, ಮಾಲೀಕ ಖಾಲಿ ಮಾಡು ಎಂದ. ಕೊನೆಯವರೆಗೂ ಜೊತೆಗಿದ್ದವರಿಗೆ ಖೋಲಿ ಸಿಗುತ್ತದಂತೆ. ಅಂಬವ್ವ ಇಪ್ಪತ್ತು ವರ್ಷ ಜೊತೆಗಿದ್ದಳು, ನಿಜ. ಆದರೆ ಕೊನೆಯ ಆರು ತಿಂಗಳು ಮಗಳ ಬಾಣಂತನಕ್ಕೆಂದು ವಿಜಯಪುರದಲ್ಲಿದ್ದಳು. ಅದನ್ನು ನೇತ್ರಾಗೆ ತಾನೇ ಹೇಳಿ, "ಸಾಕ್ಷಿಗಿ ನಿಂತಾಗ ಮಾತ್ರ ಒಂದ್ ದಿನಾನೂ ಮುಂಬೈ ಬಿಟ್ಟಿಲ್ಲ ಅಂತೀನಿ" ಎಂದು ಹಟ ಹಿಡಿದಿದ್ದಳು.

"ಇದ್ದದ್ದ ಹೇಳ್ರಿ ಆಯಿ. ಬಾಣಂತನಕ್ಕ ಹೋದ್ರ ಮನೀ ಬಿಟ್ಟಂಗಲ್ಲ, ಹಂಗಂತ ನಾ ವಾದಾ ಮಾಡ್ತೀನಿ. ಸುಳ್ಳ ಹೇಳೂದಾದ್ರ ನಾ ನಿಮ್ಮ ಕೇಸಿನ್ಯಾಗ ಇರಾಂಗಿಲ್ಲ."

"ಬಿಡ ಹಂಗಾರ! ಮುಂಬೈದಾಗ ವಕೀಲರಿಗೆ ಬರ ಬಂದದೇನ?"

ನೇತ್ರಾ ನಿಜಕ್ಕೂ ಬಿಟ್ಟಳು, ಪುಣ್ಯಾತ್ಗಿತ್ತಿ. ಆದರೆ ನಡುನೀರಿನಲ್ಲಿ ಬಿಡಲಿಲ್ಲ. ಕಾಗದಪತ್ರವನ್ನೆಲ್ಲ ಜೋಡಿಸಿ ಚಾಳಿಗೇ ತಂದುಕೊಟ್ಟಳು. ಬೇರೆ ವಕೀಲರನ್ನು ಹುಡುಕಲು ಅಂಬವ್ವನಿಗೆ ಒಂದು ತಿಂಗಳು ಕೊಡಿ ಎಂದೂ ಕೇಸು ಬಿಡುವ ಅರ್ಜಿಯಲ್ಲಿ ಬರೆದಿದ್ದಳು.

ಈಗ ಆ ಅರ್ಜಿ ಓದಿದ ನ್ಯಾಯಾಧೀಶರು ಮರಾಠಿಯಲ್ಲಿ ಕಾರಣ ಕೇಳಿದರು.

"ಹೇಳುವ ಹಾಗಿಲ್ಲ, ಸಾಹೇಬರೆ," ಎಂದಳು ನೇತ್ರಾ. ಕಕ್ಷಿದಾರರು ನಂಬಿ ಹೇಳಿದ್ದನ್ನು ವಕೀಲರು ಹೊರಗೆ ಹಾಕುವಂತಿಲ್ಲವಲ್ಲ.

ಶುರುವಾಯಿತು ನೋಡಿ ಬೈಗುಳ! ಸಾಕ್ಷಿಯ ಹೊತ್ತಿಗೆ ಮುದುಕಿಯ ಕೈಬಿಡುತ್ತೀರಾ, ನಾಚಿಕೆಯಾಗುವುದಿಲ್ಲವೇ ಎಂದರು. ಮಾಲೀಕನ ವಕೀಲ ಕಿಸಕ್ಕನೆ ನಕ್ಕ. ಒಂದೇ ಒಂದು ಮಾತು ಆಡಿದ್ದರೆ ನೇತ್ರಾಳ ಮಾನ ಉಳಿಯುತ್ತಿತ್ತು. ಆಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ತಲೆ ತಗ್ಗಿಸಿ ನಿಂತಳು. ಯಾರ ಹೆತ್ತ ಮಗಳೋ ಏನೋ, ಅಂಬವ್ವನಿಗೆ ನೋಡಲಾಗಲಿಲ್ಲ.

ಧಡಕ್ಕನೆ ಎದ್ದಳು. "ಸಾಹೇಬ್ರ, ಆ ಪೋರಿಗಿ ಬೈಬ್ಯಾಡ್ರಿ! ತಪ್ಪ ನಂದದ!"

ನೇತ್ರಾ ಓಡಿಬಂದು ಅವಳ ಕೈ ಹಿಡಿದಳು. "ಆಯಿ, ಹೊಸಾ ವಕೀಲರನ್ನ ಕೇಳಲಾರ್ದ ಏನೂ ಹೇಳಬ್ಯಾಡ್ರಿ. ಖೋಲಿ ಹೋದೀತು!"

"ನೀ ಸುಮ್ಕಿರ. ನಿನಗ ಬೈಸಿ ನಾ ಯಾವ ಖೋಲ್ಯಾಗ ನಿದ್ದಿ ಮಾಡ್ಲಿ?"

ತನಗೆ ಬರುವ ಅರೆಬರೆ ಮರಾಠಿಯಲ್ಲಿ ಅಂಬವ್ವ ಎಲ್ಲವನ್ನೂ ಹೇಳಿದಳು: ಬಾಣಂತನ, ಆರು ತಿಂಗಳು, ಹೇಳಬೇಕೆಂದಿದ್ದ ಸುಳ್ಳು. ನ್ಯಾಯಾಧೀಶರು ಕನ್ನಡಕ ತೆಗೆದು ನೇತ್ರಾಳನ್ನು ನೋಡಿದರು. ಈ ಬಾರಿ ದನಿ ಮೆತ್ತಗಿತ್ತು. ಈಗಲೂ ಕೇಸು ಬಿಡುತ್ತೀರೇನಮ್ಮ, ಎಂದರು.

ನೇತ್ರಾ ಕಣ್ಣೊರೆಸಿಕೊಂಡಳು.

"ಇಲ್ಲ ಸಾಹೇಬರೆ. ಆಯಿಯ ವಕೀಲೆ ನಾನೇ."